ಅಪಾರ್ಟ್‌ಮೆಂಟಲ್ಲಿ ಇವಿ ಚಾರ್ಜರ್ ಹಾಕ್ಸ್ಬೇಕಾ? ಮೀಟರ್‌ನಿಂದ ಸ್ಲಾಟ್‌ವರೆಗೆ ದಾರಿ ಮಾಡ್ಕೊಳ್ಳೋದು ಹೀಗೆ

ಕಾರ್ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟು ಬಂದ ರಾತ್ರಿ ನಮ್ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಒಂದು ಲೈನ್ ಹಾಕಿದ್ದೆ, "ಬೇಸ್‌ಮೆಂಟ್ 2ರಲ್ಲಿ ನನ್ ಸ್ಲಾಟ್‌ಗೆ ಚಾರ್ಜಿಂಗ್ ಪಾಯಿಂಟ್ ಹಾಕ್ಸ್ಬೇಕು, ಯಾರನ್ನ ಕೇಳ್ಬೇಕು?" ಅಂತ. ಬೆಳಿಗ್ಗೆ ಎದ್ದು ನೋಡಿದ್ರೆ 114 ಮೆಸೇಜು. ಅರ್ಧ ಜನ ಸ್ಕೂಟರ್ ಹೊತ್ತಿ ಉರಿಯೋ ವಿಡಿಯೋ ಹಾಕಿದ್ರು, ಇನ್ನರ್ಧ ಜನ ಕಾಮನ್ ಕರೆಂಟ್ ಬಿಲ್ ಯಾರಪ್ಪನ ದುಡ್ಡು ಅಂತ ಶುರು ಹಚ್ಕೊಂಡಿದ್ರು, ಒಬ್ಬ್ರಂತೂ ಎಂಟು ವರ್ಷದ ಹಿಂದಿನ ಪೇಂಟಿಂಗ್ ಕಾಂಟ್ರಾಕ್ಟ್ ಜಗಳ ಹೊರಗೆ ತೆಗೆದಿದ್ರು. ಯಾರನ್ನ ಕೇಳ್ಬೇಕು ಅನ್ನೋದಕ್ಕೆ ಮಾತ್ರ ಉತ್ರ ಇಲ್ಲ.

ಪಾಯಿಂಟ್ ಬರೋಕೆ ಐದು ತಿಂಗ್ಳು ಹಿಡೀತು, ಅದ್ರಲ್ಲಿ ಎಲೆಕ್ಟ್ರಿಷಿಯನ್ ಕೆಲ್ಸ ಮಾಡಿದ್ದು ಒಂದೂವರೆ ದಿನ. ಉಳಿದಿದ್ದೆಲ್ಲ ನಾನು ತಪ್ಪು ಜಾಗದಲ್ಲಿ ಜಗಳ ಆಡಿದ್ದು. ಆಮೇಲೆ ನಮ್ ಬ್ಲಾಕಲ್ಲೇ ಆರೇಳು ಜನಕ್ಕೆ ಇದೇ ಕೆಲ್ಸ ಮಾಡಿಸ್ಕೊಟ್ಟೆ, ಅವ್ರಿಗೆ ಮೂರು ವಾರ, ನಾಲ್ಕು ವಾರದಲ್ಲಿ ಮುಗೀತು. ವ್ಯತ್ಯಾಸ ಇಷ್ಟೇ. ಕರೆಂಟ್ ತಗೊಳ್ಳೋ ಹಕ್ಕು ನಿಮಗೆ ಇದ್ದೇ ಇದೆ, ಅದಕ್ಕೆ ಅಸೋಸಿಯೇಷನ್ ಹತ್ರ ಕೈ ಕಟ್ಟಿ ನಿಲ್ಲೋ ಅವಶ್ಯಕತೆ ಇಲ್ಲ. ಆದ್ರೆ ಆ ಕರೆಂಟ್ ಹೊತ್ಕೊಂಡು ಬರೋ ಕೇಬಲ್ ಹೋಗೋ ಗೋಡೆ, ಸೀಲಿಂಗು, ಟ್ರೇ ಎಲ್ಲಾ ಕಾಮನ್ ಏರಿಯಾ, ಅದು ನಿಮ್ಮೊಬ್ಬ್ರದ್ದಲ್ಲ. ಪೂರ್ತಿ ಗಲಾಟೆ ಇರೋದು ಆ ಅರವತ್ತು ಎಪ್ಪತ್ತು ಮೀಟರ್ ದಾರಿಯಲ್ಲಿ. ನಾನು ಹಕ್ಕು ಹಕ್ಕು ಅಂತ ಕೂಗಿದೆ, ದಾರಿ ಯಾವ್ದು ಅಂತ ಕಾಗದದ ಮೇಲೆ ತೋರಿಸ್ಲಿಲ್ಲ, ಅದಕ್ಕೇ ಐದು ತಿಂಗ್ಳು.

ಮೊದ್ಲು ಕಾನೂನಲ್ಲಿ ಏನಿದೆ ನೋಡ್ಕೊಳ್ಳಿ

ಬೇ ಏರಿಯಾದಲ್ಲಿರೋ ನಮ್ ಕಸಿನ್‌ಗೆ ಈ ಕಥೆ ಹೇಳಿದಾಗ ಅವ್ನು ನಕ್ಕ. ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ಕೋಡ್ 4745 ಅಂತ ಒಂದು ಸೆಕ್ಷನ್ ಇದೆ, ನಿವಾಸಿ ತನ್ನ ಪಾರ್ಕಿಂಗಲ್ಲಿ ಚಾರ್ಜರ್ ಹಾಕ್ಸೋದನ್ನ ಅಸೋಸಿಯೇಷನ್ ಸುಮ್ಸುಮ್ನೆ ತಡೆಯೋ ಹಾಗಿಲ್ಲ, ಅರ್ಜಿ ಕೊಟ್ಟು 60 ದಿನದೊಳಗೆ ಲಿಖಿತವಾಗಿ ಬೇಡ ಅನ್ನದೇ ಇದ್ರೆ ಒಪ್ಪಿದ ಹಾಗೇ ಲೆಕ್ಕ, ಖರ್ಚು ಮಾತ್ರ ಹಾಕ್ಸೋನದ್ದು. ನಮ್ಮಲ್ಲಿ ಹಾಗೆ ಎಲ್ಲಾ ಒಂದೇ ಕಡೆ ಬರೆದಿಟ್ಟಿಲ್ಲ, ಚೂರು ಚೂರಾಗಿ ಬಿದ್ದಿರೋದನ್ನ ನಾವೇ ಜೋಡಿಸ್ಕೋಬೇಕು.

ಮೊದಲ್ನೇ ಚೂರು ಕೇಂದ್ರ ಇಂಧನ ಸಚಿವಾಲಯದ ಗೈಡ್‌ಲೈನ್ಸು. 2018ರ ಡಿಸೆಂಬರಲ್ಲೇ ಮನೇಲಿ, ಆಫೀಸಲ್ಲಿ ಖಾಸಗಿಯಾಗಿ ಚಾರ್ಜ್ ಮಾಡ್ಕೋಬಹುದು ಅಂತ ಹೇಳಿದ್ರು, 2022ರ ಜನವರಿ ಆವೃತ್ತಿಯಲ್ಲಿ ಇನ್ನೂ ಬಿಡಿಸಿ ಇರೋ ಕನೆಕ್ಷನ್‌ನಿಂದಾನೇ ಮಾಡ್ಕೋಬಹುದು ಅಂದ್ರು. ಮನೆ ಚಾರ್ಜಿಂಗ್‌ಗೆ ಮನೆ ರೇಟೇ. ಹಾಗಾಗಿ "ಡೊಮೆಸ್ಟಿಕ್ ಮೀಟರಲ್ಲಿ ಕಾರ್ ಚಾರ್ಜ್ ಮಾಡಿದ್ರೆ ಬೆಸ್ಕಾಂನವ್ರು ಹಿಡೀತಾರೆ" ಅಂತ ಯಾರಾದ್ರೂ ಹೆದರಿಸಿದ್ರೆ ತಲೆ ಕೆಡಿಸ್ಕೋಬೇಡಿ.

ಎರಡ್ನೇದು ಎಲೆಕ್ಟ್ರಿಸಿಟಿ ಗ್ರಾಹಕರ ಹಕ್ಕುಗಳ ನಿಯಮ, 2020. ಇದಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಯ್ತು, ಗ್ರಾಹಕ ಇವಿ ಚಾರ್ಜಿಂಗ್‌ಗೆ ಅಂತಾನೇ ಪ್ರತ್ಯೇಕ ಕನೆಕ್ಷನ್ ಕೇಳಬಹುದು ಅಂತ ಸೇರಿಸಿದ್ರು. ಹೊಸ ಕನೆಕ್ಷನ್ ಕೊಡೋಕೆ ಮಹಾನಗರದಲ್ಲಿ 7 ದಿನ ಇದ್ದಿದ್ದು 3 ದಿನ ಆಯ್ತು, ಬೇರೆ ಮುನ್ಸಿಪಲ್ ಊರುಗಳಲ್ಲಿ 7, ಹಳ್ಳಿ ಕಡೆ 15. (ಕಾಗದದ ಮೇಲೆ 3 ದಿನ. ಸಬ್‌ಡಿವಿಷನ್ ಆಫೀಸ್‌ಗೆ ಹೋದ್ರೆ ನಿಮಗೇ ಗೊತ್ತಾಗುತ್ತೆ.) ಅದೇ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೇ ವಿಷ್ಯ ಇದೆ, ಬಿಲ್ಡಿಂಗ್‌ಗೆಲ್ಲ ಒಂದೇ ಪಾಯಿಂಟ್ ಸಪ್ಲೈ ಬೇಕಾ, ಮನೆಮನೆಗೆ ಬೇರೆ ಬೇರೆ ಕನೆಕ್ಷನ್ ಬೇಕಾ ಅನ್ನೋದನ್ನ ನಿವಾಸಿಗಳು ಬ್ಯಾಲೆಟ್ ಮಾಡಿ ತೀರ್ಮಾನ ಮಾಡ್ಬಹುದು.

ಮೂರ್ನೇದು ನಿಮ್ಮ ವಿರುದ್ಧ ಬಳಸೋ ಕಾನೂನು, ಅದನ್ನೂ ಓದ್ಕೊಂಡಿರಿ. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಆಕ್ಟ್, 1972. ಕಟ್ಟಡದ ಭದ್ರತೆಗೆ ಧಕ್ಕೆ ತರೋ ಕೆಲ್ಸ, ದೊಡ್ಡ ನಿರ್ಮಾಣ ಸೇರಿಸೋದು, ಇವೆಲ್ಲ ಮಿಕ್ಕ ಓನರ್‌ಗಳ ಒಪ್ಪಿಗೆ ಇಲ್ದೆ ಮಾಡೋ ಹಾಗಿಲ್ಲ ಅಂತ ಅದ್ರಲ್ಲಿದೆ. ನಮ್ ಸೆಕ್ರೆಟರಿ ಇದನ್ನೇ ಹೈಲೈಟ್ ಮಾಡಿ ಪ್ರಿಂಟ್ ಕೊಟ್ಟಿದ್ರು. ನನ್ ಉತ್ರ, ಸೀಲಿಂಗ್‌ನಲ್ಲಿ ಆಗ್ಲೇ ಇರೋ ಟ್ರೇಯಲ್ಲಿ ಬೆರಳು ದಪ್ಪದ ಒಂದು ಕೇಬಲ್ ಇಡೋದು ಕಟ್ಟಡ ಕಟ್ಟಿದ ಹಾಗಲ್ಲ, ಮೂರ್ನೇ ಮಹಡಿಯವ್ರು ಎಸಿ ಕಾಪರ್ ಪೈಪ್‌ಗೆ ಹೊರಗೋಡೆ ಕೊರೆದಾಗ ಈ ಸೆಕ್ಷನ್ ಯಾರಿಗೂ ನೆನಪಾಗ್ಲಿಲ್ಲ. ಆದ್ರೆ ಇದು ವಾದ ಮಾಡಿ ಗೆಲ್ಲೋ ವಿಷ್ಯ ಅಲ್ಲ. ರೇರಾ ಅಂದ್ರೆ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಬೇಸ್‌ಮೆಂಟು, ಓಪನ್ ಪಾರ್ಕಿಂಗು ಎಲ್ಲಾ ಕಾಮನ್ ಏರಿಯಾದಲ್ಲೇ ಬರುತ್ತೆ, ಅದಕ್ಕೂ ಮುಂಚೆ 2010ರಲ್ಲೇ ಸುಪ್ರೀಂ ಕೋರ್ಟು ಬಿಲ್ಡರ್ ಸ್ಟಿಲ್ಟ್ ಪಾರ್ಕಿಂಗ್‌ನ ಪ್ರತ್ಯೇಕವಾಗಿ ಮಾರೋ ಹಾಗಿಲ್ಲ ಅಂದಿತ್ತು. ನಿಮ್ಮ ಸ್ಲಾಟ್ ನಿಮಗೆ ಬಳಸೋಕೆ ಕೊಟ್ಟಿರೋದು, ದಾರಿಗೆ ಅಸೋಸಿಯೇಷನ್ ಒಪ್ಪಿಗೆ ಬೇಕೇ ಬೇಕು. ಹಾಗಾಗಿ ಅರ್ಜಿಯಲ್ಲಿ "ಚಾರ್ಜರ್ ಹಾಕ್ಲಾ ಬೇಡ್ವಾ" ಅಂತ ಕೇಳ್ಬೇಡಿ, "ಯಾವ ದಾರೀಲಿ ಕೇಬಲ್ ಎಳೀಲಿ" ಅಂತ ಕೇಳಿ. ಬೇಡ ಅನ್ನೋದು ಸುಲಭ, ದಾರಿ ತೋರಿಸಿ ಅಂದ್ರೆ ಜನ ಯೋಚ್ನೆ ಮಾಡೋಕೆ ಶುರು ಮಾಡ್ತಾರೆ.

ಕರೆಂಟ್ ಬಿಲ್ ಕೈಗೆ ತಗೊಳ್ಳಿ

ಬೆಸ್ಕಾಂ ಬಿಲ್ ಇದ್ರೆ ಅದ್ರಲ್ಲಿ ಮೂರು ನೋಡಿ: ಆರ್‌ಆರ್ ನಂಬರ್, ಮಂಜೂರಾದ ಲೋಡು, ದಾಖಲಾದ ಬೇಡಿಕೆ ಅಂದ್ರೆ ಆ ತಿಂಗ್ಳು ನೀವು ಒಮ್ಮೆಲೇ ಎಳೆದ ಗರಿಷ್ಠ ಕಿಲೋವ್ಯಾಟು. ನಮ್ಮನೇದು 5 ಕಿಲೋವ್ಯಾಟ್ ಮಂಜೂರು, ಗೀಸರು ಇಸ್ತ್ರಿಪೆಟ್ಟಿಗೆ ಒಟ್ಟಿಗೇ ಹಾಕಿದ ದಿನ 3.4ವರೆಗೆ ಹೋಗಿತ್ತು. ರಾತ್ರಿ ಹನ್ನೊಂದಕ್ಕೆ ಗೀಸರ್ ಓಡಲ್ಲ, ಆ ಹೊತ್ತಲ್ಲಿ 3.3 ಕಿಲೋವ್ಯಾಟ್ ಕಾರು ಕೂತ್ಕೊಳ್ಳೋಕೆ ಜಾಗ ಇದೆ.

ನಿಮ್ಮ ಬಿಲ್ಲು ಬೆಸ್ಕಾಂನಿಂದ ಬರದೇ ಅಸೋಸಿಯೇಷನ್ನಿಂದ ಬಂದ್ರೆ ನಿಮ್ಮದು ಸಿಂಗಲ್ ಪಾಯಿಂಟ್ ಸಪ್ಲೈ, ಒಳಗಡೆ ಪ್ರೀಪೇಯ್ಡ್ ಮೀಟರ್ ಇರುತ್ತೆ. ಆಗ ಬೆಸ್ಕಾಂಗೂ ನಿಮಗೂ ನೇರ ಸಂಬಂಧ ಇಲ್ಲ, ಲೋಡ್ ಜಾಸ್ತಿ ಮಾಡೋದೂ ಅಸೋಸಿಯೇಷನ್ನೇ, ಕೇಳೋದೂ ಅವ್ರನ್ನೇ.

ನಿಮಗೆ ನಿಜವಾಗ್ಲೂ ಎಷ್ಟು ದೊಡ್ಡ ಚಾರ್ಜರ್ ಬೇಕು?

ಇಲ್ಲೇ ಜನ ಎಡವೋದು. ಶೋರೂಂನಲ್ಲಿ 7.2 ಕಿಲೋವ್ಯಾಟ್ ವಾಲ್ ಬಾಕ್ಸ್ ಫ್ರೀ ಅಂದ ತಕ್ಷಣ ಅದೇ ಬೇಕು ಅಂತ ಪಟ್ಟು ಹಿಡೀತಾರೆ. ಲೆಕ್ಕ ಹಾಕಿ ನೋಡಿ. ಗೀಸರ್‌ಗೆ ಹಾಕೋ ಮಾಮೂಲಿ 16 ಆಂಪ್ ಸಾಕೆಟ್‌ನಿಂದ 3.3 ಕಿಲೋವ್ಯಾಟ್ ಸಿಗುತ್ತೆ, ರಾತ್ರಿ 10ರಿಂದ ಬೆಳಿಗ್ಗೆ 6 ಅಂದ್ರೆ 26 ಯೂನಿಟ್, ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಅಂತ ಹಿಡಿದ್ರೂ 170 ಕಿಲೋಮೀಟರ್. ಬೆಂಗಳೂರಲ್ಲಿ ದಿನಾ 170 ಕಿಲೋಮೀಟರ್ ಓಡಿಸೋಕೆ ನಿಮಗೆ ಆಫೀಸ್ ಇಲ್ಲ ಅಂತ ಅರ್ಥ, ಟ್ಯಾಕ್ಸಿ ಇದೆ ಅಂತ ಅರ್ಥ. ದಿನಕ್ಕೆ ನಲ್ವತ್ತು ಐವತ್ತು ಕಿಲೋಮೀಟರ್ ಓಡ್ಸೋರಿಗೆ ಎರಡು ದಿನಕ್ಕೊಮ್ಮೆ ಹಾಕಿದ್ರೂ ಸಾಕು.

7.2 ಬೇಕೇ ಬೇಕು ಅಂದ್ರೆ 32 ಆಂಪ್ ಸರ್ಕ್ಯೂಟ್ ಬೇಕು, ದಪ್ಪ ಕೇಬಲ್ ಬೇಕು, ಬಹುತೇಕ ಫ್ಲ್ಯಾಟ್‌ಗಳಲ್ಲಿ ಅಡಿಷನಲ್ ಲೋಡ್‌ಗೆ ಅರ್ಜಿ ಹಾಕ್ಬೇಕು, ಡೆಪಾಸಿಟ್ ಕಟ್ಬೇಕು, ಪ್ರತೀ ತಿಂಗ್ಳು ಫಿಕ್ಸೆಡ್ ಚಾರ್ಜ್ ಏರುತ್ತೆ. ಎಲ್ಲಕ್ಕಿಂತ ಮುಖ್ಯ, ಕಮಿಟಿಯವ್ರಿಗೆ ಬೇಡ ಅನ್ನೋಕೆ ಒಂದು ಗಟ್ಟಿ ಕಾರಣ ನೀವೇ ತಟ್ಟೇಲಿಟ್ಟು ಕೊಟ್ಟ ಹಾಗೆ. 3.3 ಅಂದ್ರೆ ಒಂದು ಗೀಸರ್ ಇದ್ದ ಹಾಗೆ. ಮೀಟಿಂಗಲ್ಲಿ "ನನ್ ಕಾರು ರಾತ್ರಿ ಹೊತ್ತು ಒಂದು ದೊಡ್ಡ ಗೀಸರ್‌ನಷ್ಟು ಎಳಿಯುತ್ತೆ" ಅಂದಾಗಲೇ ನಮ್ ಟ್ರೆಷರರ್ ಮುಖ ಸ್ವಲ್ಪ ಸಡಿಲ ಆಗಿದ್ದು.

ಸ್ಕೂಟರ್ ಇರೋರಿಗೆ ಇಷ್ಟೆಲ್ಲ ರಾಮಾಯಣ ಬೇಕಾಗಿಲ್ಲ, ಪೂರ್ತಿ ಚಾರ್ಜ್‌ಗೆ ಮೂರ್ನಾಲ್ಕು ಯೂನಿಟ್. ಆದ್ರೆ ಲಿಫ್ಟ್ ಪಕ್ಕದ ಕಾಮನ್ ಸಾಕೆಟ್‌ಗೆ ಮಾತ್ರ ಚುಚ್ಚಬೇಡಿ. ದುಡ್ಡು ಪುಡಿಗಾಸು ಇರ್ಬಹುದು, ಅಪಾರ್ಟ್‌ಮೆಂಟಲ್ಲಿ ಇವಿಗೆ ಕೆಟ್ಟ ಹೆಸರು ಬರೋದು ಹೊತ್ತಿ ಉರಿದ ವಿಡಿಯೋಗಿಂತ ಜಾಸ್ತಿ ಇದ್ರಿಂದ.

ಗೃಹಜ್ಯೋತಿ ಲೆಕ್ಕ ಮರೀಬೇಡಿ

ತಿಂಗ್ಳಿಗೆ ಸಾವಿರ ಕಿಲೋಮೀಟರ್ ಓಡ್ಸಿದ್ರೆ ಸುಮಾರು 150 ಯೂನಿಟ್. 2025-26ರ ಮನೆ ರೇಟು ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಟ್ಯಾಕ್ಸು ಸರ್‌ಚಾರ್ಜು ಎಲ್ಲಾ ಸೇರಿಸಿದ್ರೆ ಸಾವಿರ ರೂಪಾಯಿ ಆಸುಪಾಸು. ಪೆಟ್ರೋಲ್‌ಗೆ ಹೋಲಿಸಿದ್ರೆ ಏನೂ ಅಲ್ಲ. ಆದ್ರೆ ನೀವು ಈಗ ಗೃಹಜ್ಯೋತಿಯಲ್ಲಿ ಝೀರೋ ಬಿಲ್ ತಗೊಳ್ತಿದ್ರೆ ಕಥೆ ಬೇರೆ. ಮನೆಗೆ 130, ಕಾರಿಗೆ 150, ಒಟ್ಟು 280. 200 ಯೂನಿಟ್ ದಾಟಿದ ತಿಂಗ್ಳು ದಾಟಿದ 80ಕ್ಕೆ ಮಾತ್ರ ಬಿಲ್ ಅಲ್ಲ, ಪೂರ್ತಿ 280ಕ್ಕೂ ಬಿಲ್ ಬರುತ್ತೆ. ನಮ್ ಪಕ್ಕದ ಮನೆಯವ್ರಿಗೆ ಇದು ಗೊತ್ತಾಗಿದ್ದು ಮೊದಲ್ನೇ ಬಿಲ್ ಬಂದಾಗ, ಪಾಪ.

ಇಂಥವ್ರಿಗೆ ಪ್ರತ್ಯೇಕ ಇವಿ ಮೀಟರ್ ಲಾಭ ಆಗ್ಬಹುದು. ಇವಿ ಚಾರ್ಜಿಂಗ್‌ಗೆ ಅಂತ ಎಲ್‌ಟಿ-6 ಕೆಳಗೆ ಬೇರೆ ಟ್ಯಾರಿಫ್ ಇದೆ, ಬೇರೆ ಫಿಕ್ಸೆಡ್ ಚಾರ್ಜೂ ಇದೆ, ಎರಡೂ ಹಾಕಿ ನೋಡಿ. ಅರ್ಜಿ ಬೆಸ್ಕಾಂನ ಜನಸ್ನೇಹಿ ವಿದ್ಯುತ್ ಸೇವೆ ಪೋರ್ಟಲ್‌ನಲ್ಲೇ ಹಾಕ್ಬಹುದು. ಇಲ್ಲೊಂದು ಕೊಕ್ಕೆ ಇದೆ: ಬಿಲ್ಡಿಂಗ್‌ಗೆ ಒಸಿ, ಅಂದ್ರೆ ವಾಸಕ್ಕೆ ಯೋಗ್ಯ ಅಂತ ಕೊಡೋ ಆಕ್ಯುಪೆನ್ಸಿ ಸರ್ಟಿಫಿಕೇಟ್ ಇದ್ಯಾ ಅಂತ ಮೊದ್ಲೇ ವಿಚಾರಿಸ್ಕೊಳ್ಳಿ. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ್ಮೇಲೆ ಒಸಿ ಇಲ್ಲದ ಕಟ್ಟಡಗಳಿಗೆ ಹೊಸ ಕನೆಕ್ಷನ್ ಅಂದ್ರೆ ತಲೆನೋವು. ಬೆಂಗಳೂರಲ್ಲಿ ಒಸಿ ಇಲ್ಲದ ಅಪಾರ್ಟ್‌ಮೆಂಟ್ ಎಷ್ಟಿದೆ ಅಂತ ನಾನ್ ಹೇಳೋದು ಬೇಡ. ಹಾಗಿದ್ರೆ ಸುಮ್ನೆ ಇರೋ ಮೀಟರ್‌ನಿಂದಾನೇ ಎಳ್ಕೊಳ್ಳೋದು ವಾಸಿ.

ದಾರಿ ನಡ್ಕೊಂಡು ನೋಡಿ

ಒಂದು ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ನ ಕರ್ಕೊಂಡು (ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ಆದ್ರೆ ಇನ್ನೂ ಒಳ್ಳೇದು, ಅವ್ರಿಗೆ ಪ್ರತೀ ಪೈಪೂ ಗೊತ್ತಿರುತ್ತೆ, ಮೀಟಿಂಗಲ್ಲಿ ನಿಮ್ ಪರ ಒಂದು ಮಾತೂ ಆಡ್ತಾರೆ) ಮೀಟರ್ ರೂಂನಿಂದ ಸ್ಲಾಟ್‌ವರೆಗೆ ನಡೀರಿ. ಟೇಪ್ ಹಿಡ್ಕೊಳ್ಳಿ, ಫೋಟೋ ತೆಗೀರಿ. ಆಗ್ಲೇ ಕೇಬಲ್ ಟ್ರೇ ಎಲ್ಲಿವರೆಗೆ ಇದೆ, ಎಲ್ಲಿ ಗೋಡೆ ದಾಟ್ಬೇಕು, ಸ್ಪ್ರಿಂಕ್ಲರ್ ಪೈಪ್ ಎಲ್ಲಿ ಅಡ್ಡ ಬರುತ್ತೆ, ಮಳೆಗಾಲದಲ್ಲಿ ಎಲ್ಲಿ ನೀರು ಸೋರುತ್ತೆ, ಎಲ್ಲಾ ಬರ್ಕೊಳ್ಳಿ. ಬೀಮು, ಕಾಲಮ್ಮು, ಕಾಂಕ್ರೀಟ್ ಗೋಡೆ ಕೊರೆಯೋ ಪ್ಲಾನ್ ಇದ್ರೆ ಅಲ್ಲೇ ಬಿಟ್ಟುಬಿಡಿ, ಹತ್ತು ಮೀಟರ್ ಸುತ್ಕೊಂಡು ಹೋದ್ರೂ ಪರವಾಗಿಲ್ಲ. ಮೀಟರ್ ರೂಂ ಗೋಡೆ ದಾಟೋ ತೂತನ್ನ ಆಮೇಲೆ ಫೈರ್ ಸೀಲೆಂಟ್ ಹಾಕಿ ಮುಚ್ಚುತ್ತೀನಿ ಅಂತ ಅರ್ಜಿಯಲ್ಲೇ ಬರೀರಿ.

ಮೀಟರ್ ರೂಂ ಒಳಗೆ ಒಂದು ವಿಷ್ಯ ಮಾತ್ರ ನೀವೇ ನಿಂತು ನೋಡ್ಬೇಕು. ನಿಮ್ಮ ಮೀಟರಾದ್ಮೇಲೆ ಜನರೇಟರ್ ಚೇಂಜ್‌ಓವರ್ ಇರುತ್ತೆ, ಎಸಿಸಿಎಲ್ ಅಂತಾರೆ, ಕರೆಂಟ್ ಹೋದಾಗ ಮನೆಗೆ ಒಂದೋ ಒಂದೂವರೆಯೋ ಕಿಲೋವ್ಯಾಟ್ ಅಷ್ಟೇ ಬಿಡೋ ಡಬ್ಬ ಅದು. ಕಾರಿನ ಲೈನ್‌ನ ಅದ್ರ ನಂತರ ತೆಗೆದ್ರೆ ಕರೆಂಟ್ ಹೋದ ತಕ್ಷಣ ಕಾರು ಜನರೇಟರ್ ಮೇಲೆ ಎಳಿಯುತ್ತೆ, ಡಬ್ಬ ಟ್ರಿಪ್ ಆಗುತ್ತೆ, ಮಧ್ಯರಾತ್ರಿ ಮನೇಲಿ ಫ್ಯಾನೂ ಇಲ್ಲ. ಮೀಟರ್ ಔಟ್‌ಗೋಯಿಂಗ್‌ನಿಂದ, ಎಸಿಸಿಎಲ್‌ಗೆ ಮುಂಚೆನೇ ಟ್ಯಾಪ್ ತಗೋಬೇಕು. ಆಗ ಕರೆಂಟ್ ಹೋದ್ರೆ ಚಾರ್ಜಿಂಗೂ ನಿಲ್ಲುತ್ತೆ, ಬಂದ್ರೆ ತಾನೇ ಶುರು. "ನಮ್ ಡೀಸೆಲ್ ನಿಮ್ ಕಾರಿಗೆ ಹಾಕ್ತೀರಾ" ಅನ್ನೋ ಪ್ರಶ್ನೆಗೂ ಇದೇ ಉತ್ರ, ಡ್ರಾಯಿಂಗಲ್ಲಿ ತೋರಿಸಿ.

ಕೇಬಲ್ ಸೈಜಲ್ಲಿ ಕಂಜೂಸಿ ಬೇಡ. 16 ಆಂಪ್‌ಗೆ 2.5 ಸ್ಕ್ವೇರ್ ಎಂಎಂ ಸಾಕು ಅಂತ ಕೆಲವ್ರು ಹೇಳ್ತಾರೆ, ಅದು ಅಡುಗೆಮನೆ ಗೋಡೆಗೆ ಸರಿ. ಅರವತ್ತು ಮೀಟರ್ ಓಡೋ ಲೈನು, ರಾತ್ರಿಯೆಲ್ಲ ಪೂರ್ತಿ ಲೋಡಲ್ಲಿ, 4 ಸ್ಕ್ವೇರ್ ಎಂಎಂ ತಾಮ್ರ ಹಾಕಿದ್ರೂ ಸುಮಾರು 8 ವೋಲ್ಟ್ ದಾರೀಲೇ ಹೋಗುತ್ತೆ. ಅಷ್ಟು ದೂರಕ್ಕೆ ನಾನು 6 ಹಾಕ್ಸ್ದೆ. 32 ಆಂಪ್ ಆದ್ರೆ ಐವತ್ತು ಮೀಟರ್‌ಗೆ 10 ಹಾಕ್ಸಿ. ಆರ್ಮರ್ಡ್ ಕೇಬಲ್ ಆದ್ರೆ ಇಲಿ ಕಡಿಯಲ್ಲ, ಬೇಸ್‌ಮೆಂಟಲ್ಲಿ ಇಲಿ ಇಲ್ದೇ ಇರೋ ಅಪಾರ್ಟ್‌ಮೆಂಟ್ ನಾನಂತೂ ನೋಡಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ 2019ರಲ್ಲಿ ಇವಿ ಚಾರ್ಜಿಂಗ್ ಬಗ್ಗೆ ಒಂದು ಭಾಗನೇ ಸೇರಿಸಿದ್ರು. ಅದ್ರಿಂದ ಕೆಲವನ್ನ ಎತ್ತಿ ನಿಮ್ಮ ಅರ್ಜಿಯಲ್ಲಿ ಹಾಕ್ಕೊಳ್ಳಿ: ಪ್ರತೀ ಪಾಯಿಂಟ್‌ಗೆ ತನ್ನದೇ ಸರ್ಕ್ಯೂಟ್, ಅದಕ್ಕೆ ಓವರ್‌ಕರೆಂಟ್ ರಕ್ಷಣೆ ಅಂದ್ರೆ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು), ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲೆ, ಗಾಡಿ ನಿಂತ ಜಾಗ ಪಾಯಿಂಟ್‌ನಿಂದ 5 ಮೀಟರ್ ಒಳಗೆ, ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಇಲ್ಲ. ಆ 800 ಮಿಲಿಮೀಟರ್ ಯಾಕೆ ಅಂತ ಬೇಸ್‌ಮೆಂಟಲ್ಲಿ ಮೊಣಕಾಲುದ್ದ ನೀರು ನಿಂತಿದ್ದು ನೋಡಿದೋರಿಗೆ ಹೇಳೋದೇ ಬೇಡ. ಆರ್‌ಸಿಸಿಬಿ ತಗೊಳ್ವಾಗ ಟೈಪ್ ಎ ಕೇಳಿ ತಗೊಳ್ಳಿ, ಅಂಗಡೀಲಿ ಸುಮ್ನೆ ಕೇಳಿದ್ರೆ ಟೈಪ್ ಎಸಿ ಕೊಡ್ತಾರೆ, ಮನೆ ಬಲ್ಬ್ ಫ್ಯಾನ್‌ಗೆ ಅದು ಸಾಕು, ಕಾರಿಗಲ್ಲ.

ಅರ್ಜಿ ಬರೆಯೋದು

ವಾಟ್ಸಾಪ್ ಮೆಸೇಜ್ ಅರ್ಜಿ ಅಲ್ಲ. ಒಂದು ಪುಟ, ಜೊತೆಗೆ ಒಂದು ಕೈಯಲ್ಲಿ ಬರೆದ ನಕ್ಷೆ ಆದ್ರೂ ಸರಿ, ಇಮೇಲ್ ಮಾಡಿ ಆಫೀಸಲ್ಲಿ ಒಂದು ಪ್ರತಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ನಾನು ಎರಡ್ನೇ ಸಲ ಕೊಟ್ಟಿದ್ದು ಹೀಗಿತ್ತು, ಬೇಕಾದ್ರೆ ಹಾಗೇ ಎತ್ಕೊಳ್ಳಿ:

"ಮಾನ್ಯ ಕಾರ್ಯದರ್ಶಿಗಳಿಗೆ. ನನ್ನ ಫ್ಲ್ಯಾಟ್‌ನ ಮೀಟರ್‌ನಿಂದ ನನಗೆ ಹಂಚಿಕೆಯಾದ ಪಾರ್ಕಿಂಗ್ ಸ್ಲಾಟ್‌ಗೆ 16 ಆಂಪ್‌ನ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸಬೇಕಾಗಿದೆ. ಆರ್‌ಆರ್ ನಂಬರ್, ಮಂಜೂರಾದ ಲೋಡ್, ಕಳೆದ ಮೂರು ತಿಂಗಳ ಬಿಲ್ ಲಗತ್ತಿಸಿದ್ದೇನೆ. ಕೇಬಲ್ ಹೋಗುವ ದಾರಿಯ ನಕ್ಷೆಯೂ ಇದೆ. ಯಾವ ಬೀಮ್, ಕಾಲಮ್ ಕೊರೆಯುವುದಿಲ್ಲ. ಕಾಮನ್ ಏರಿಯಾ ಮೀಟರ್, ಜನರೇಟರ್ ಎರಡರಿಂದಲೂ ವಿದ್ಯುತ್ ತೆಗೆದುಕೊಳ್ಳುವುದಿಲ್ಲ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್‌ನಿಂದ ಕೆಲಸ ಮಾಡಿಸಿ ಟೆಸ್ಟ್ ರಿಪೋರ್ಟ್ ಸಲ್ಲಿಸುತ್ತೇನೆ. ಪೂರ್ತಿ ಖರ್ಚು ನನ್ನದು. ಕಟ್ಟಡದ ಕೆಲಸಕ್ಕೆ ಕೇಬಲ್ ಸರಿಸಬೇಕಾದರೆ ನನ್ನ ಖರ್ಚಿನಲ್ಲೇ ಸರಿಸುತ್ತೇನೆ. ಈ ದಾರಿ ಬೇಡವಾದರೆ ಬೇರೆ ದಾರಿ ಸೂಚಿಸಬೇಕು. ತಾಂತ್ರಿಕ ಆಕ್ಷೇಪಣೆ ಇದ್ದರೆ 15 ದಿನದೊಳಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಕೊನೇ ಎರಡು ಸಾಲೇ ಕೆಲ್ಸ ಮಾಡೋದು. ಲಿಖಿತವಾಗಿ ತಾಂತ್ರಿಕ ಕಾರಣ ಕೊಡಿ ಅಂದಾಗ ಕಮಿಟಿಯಲ್ಲಿ ಸುಮ್ನೆ ಬೇಡ ಅಂತಿದ್ದೋರು ಹಿಂದೆ ಸರೀತಾರೆ, ಯಾಕಂದ್ರೆ ಬರೆದು ಸೈನ್ ಹಾಕೋಕೆ ಯಾರಿಗೂ ಇಷ್ಟ ಇಲ್ಲ.

ಬಾಡಿಗೆಗೆ ಇರೋರು ಇದೇ ಪತ್ರನ ಓನರ್ ಕೈಲಿ ಕೊಡಿಸ್ಬೇಕು, ಮೀಟರ್ ಅವ್ರ ಹೆಸರಲ್ಲಿರುತ್ತೆ. ಮನೆ ಬಿಡ್ವಾಗ ಕೇಬಲ್ ಬಿಟ್ಟು ಹೋಗ್ತೀರಾ, ಬಿಚ್ಕೊಂಡು ಹೋಗ್ತೀರಾ, ಅರ್ಧ ದುಡ್ಡು ಓನರ್ ಕೊಡ್ತಾರಾ ಅಂತ ಮೊದ್ಲೇ ಒಂದು ಮೆಸೇಜಲ್ಲಾದ್ರೂ ಮಾತಾಡ್ಕೊಳ್ಳಿ. ಬಿಚ್ಚಿದ ಕೇಬಲ್ ಇನ್ನೊಂದು ಅಪಾರ್ಟ್‌ಮೆಂಟಲ್ಲಿ ಅಳತೆಗೆ ಸರಿ ಬರೋದು ಅಪರೂಪ.

ಮೀಟಿಂಗಲ್ಲಿ ಬರೋ ಪ್ರಶ್ನೆಗಳು

ಬೆಂಕಿ. ಇದನ್ನ ತಮಾಷೆ ಮಾಡ್ಬೇಡಿ, ಹೆದರಿಕೆ ನಿಜವಾದ್ದು, ಬೇಸ್‌ಮೆಂಟಲ್ಲಿ ಬೆಂಕಿ ಅಂದ್ರೆ ಮೇಲೆ ಮಕ್ಕಳು ಮಲಗಿರ್ತಾರೆ. ಮಾಮೂಲಿ ಪಾಯಿಂಟಲ್ಲಿ ತೊಂದ್ರೆ ಬರೋದು ಸಡಿಲ ಆದ ಸ್ಕ್ರೂ, ಸಣ್ಣ ವೈರು, ಎಕ್ಸ್‌ಟೆನ್ಷನ್ ಬಾಕ್ಸ್, ಲೋಕಲ್ ಚಾರ್ಜರ್‌ಗಳಿಂದ. ಸರಿಯಾದ ಪಾಯಿಂಟ್ ಕೊಡದೇ ಇದ್ರೆ ಜನ ಕಿಟಕಿಯಿಂದ ವೈರ್ ಇಳಿಬಿಡ್ತಾರೆ, ಅದು ಇನ್ನೂ ಅಪಾಯ ಅಂತ ಹೇಳಿ. ನಮ್ಮಲ್ಲಿ ಒಂದು ಮನೆಯವ್ರು ಎರಡ್ನೇ ಮಹಡಿ ಬಾಲ್ಕನಿಯಿಂದ ಹಳದಿ ಎಕ್ಸ್‌ಟೆನ್ಷನ್ ಇಳಿಬಿಟ್ಟಿದ್ದ ಫೋಟೋ ತೋರಿಸ್ದೆ, ಚರ್ಚೆ ಅಲ್ಲಿಗೆ ಮುಗೀತು. ಸ್ಕೂಟರ್ ಬ್ಯಾಟರಿಗಳಿಗೆ ಎಐಎಸ್-156 ಅನ್ನೋ ಸುರಕ್ಷತಾ ಮಾನದಂಡದ ಬಿಗಿಯಾದ ಆವೃತ್ತಿ 2022ರ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ಬಂತು, ಅದಕ್ಕಿಂತ ಹಳೇ ಸ್ಕೂಟರ್‌ಗಳಿಗೆ ಬೇಸ್‌ಮೆಂಟ್ ಬದ್ಲು ಹೊರಗಿನ ಪಾರ್ಕಿಂಗಲ್ಲಿ ಪಾಯಿಂಟ್ ಕೊಡೋಣ ಅಂತ ನೀವೇ ಸೂಚಿಸಿದ್ರೆ ನಿಮ್ ಮಾತಿಗೆ ತೂಕ ಬರುತ್ತೆ.

ಟ್ರಾನ್ಸ್‌ಫಾರ್ಮರ್. ಇದಕ್ಕೆ ಉಡಾಫೆ ಉತ್ರ ಕೊಡೋ ಹಾಗಿಲ್ಲ, ಅವ್ರ ಕಡೆ ನ್ಯಾಯ ಇದೆ. 140 ಮನೆ, ತಲಾ 5 ಕಿಲೋವ್ಯಾಟ್ ಅಂದ್ರೆ 700, ಆದ್ರೆ ಎಲ್ಲಾರೂ ಒಟ್ಟಿಗೆ ಎಳಿಯಲ್ಲ ಅಂತ ಬಿಲ್ಡರ್ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿರ್ತಾರೆ. 40 ಕಾರು 7.2ರಲ್ಲಿ ಒಟ್ಟಿಗೆ ಹಾಕಿದ್ರೆ 288 ಕಿಲೋವ್ಯಾಟ್, ಅದೇ 3.3ರಲ್ಲಿ 132. ಎಲ್ಲಾರೂ ಸಂಜೆ ಏಳಕ್ಕೆ ಬಂದು ಚುಚ್ಚಿದ್ರೆ ಕಷ್ಟ, ರಾತ್ರಿ ಹನ್ನೊಂದಾದ್ಮೇಲೆ ಹಾಕಿದ್ರೆ ಆ ಹೊತ್ತಲ್ಲಿ ಬಿಲ್ಡಿಂಗ್ ಅರ್ಧ ಮಲಗಿರುತ್ತೆ. ಬಹಳಷ್ಟು ಕಾರಲ್ಲೇ ಟೈಮರ್ ಇದೆ. ನಿಮ್ಮಲ್ಲಿ ಇವಿ ಐದಾರು ಇರೋವಾಗ್ಲೇ "11ರಿಂದ 6, ಎಲ್ಲಾರಿಗೂ 3.3" ಅಂತ ನಿಯಮ ಮಾಡ್ಕೊಂಡ್ರೆ ಚೆಂದ, ನಲ್ವತ್ತಾದ್ಮೇಲೆ ಮಾಡೋಕೆ ಹೋದ್ರೆ ಮೊದ್ಲು 7.2 ಹಾಕಿಸ್ಕೊಂಡೋರು ಜಗ್ಗಲ್ಲ.

"ಎಲ್ಲಾರೂ ಕೇಳಿದ್ರೆ ಏನ್ ಮಾಡೋದು?" ಇದಕ್ಕೆ ಒಳ್ಳೇ ಉತ್ರ ಟ್ರೇ. ಒಬ್ಬೊಬ್ಬ್ರೂ ಒಂದೊಂದು ಪೈಪ್ ಹೊಡೆದ್ರೆ ಸೀಲಿಂಗ್ ಜೇಡರ ಬಲೆ ಆಗುತ್ತೆ. ಅಸೋಸಿಯೇಷನ್ ಒಂದು ಅಗಲದ ಟ್ರೇ ಮುಖ್ಯ ದಾರೀಲಿ ಹಾಕ್ಸ್ಲಿ, ಬಳಸೋರು ಪಾಲು ಹಾಕ್ಲಿ, ಮುಂದೆ ಬರೋರೂ ಅಷ್ಟೇ ಪಾಲು ಕೊಟ್ಟು ಸೇರ್ಕೊಳ್ಲಿ. ನಮ್ಮಲ್ಲಿ ಮೊದ್ಲು ನಾಲ್ಕು ಜನ ಹಂಚ್ಕೊಂಡ್ವಿ.

ನಿಮ್ಮ ಸ್ಲಾಟ್‌ಗೆ ಕೇಬಲ್ ಎಳಿಯೋಕೆ ಆಗಲ್ವಾ?

ಕೆಲವು ಕಡೆ ನಿಜವಾಗ್ಲೂ ಆಗಲ್ಲ. ಮೀಟರ್ ಒಂದು ಟವರಲ್ಲಿ, ಪಾರ್ಕಿಂಗ್ ಇನ್ನೊಂದು ಟವರ್ ಕೆಳಗೆ, ಮಧ್ಯೆ ರಸ್ತೆ. ಇಲ್ಲಾ ಎತ್ತಿ ಇಳಿಸೋ ಸ್ಟ್ಯಾಕ್ ಪಾರ್ಕಿಂಗ್, ಅದಕ್ಕೆ ಕೇಬಲ್ ಕಟ್ಟೋ ಯೋಚ್ನೆನೇ ಬೇಡ. ಸ್ಲಾಟೇ ಇಲ್ಲದೋರು, ಓಪನ್ ಪಾರ್ಕಿಂಗ್‌ನೋರು ಇರ್ತಾರೆ. ಇಂಥ ಕಡೆ ವಿಸಿಟರ್ ಪಾರ್ಕಿಂಗಲ್ಲಿ ಎರಡು ಮೂರು ಕಾಮನ್ ಪಾಯಿಂಟ್ ಹಾಕ್ಸಿ ಆ್ಯಪ್‌ನಲ್ಲೋ ಕಾರ್ಡ್‌ನಲ್ಲೋ ದುಡ್ಡು ಕಟ್ಟೋ ಹಾಗೆ ಮಾಡೋದು ಒಂದೇ ದಾರಿ. ಅಸೋಸಿಯೇಷನ್ ಹೆಸರಲ್ಲಿ ಇವಿ ಕನೆಕ್ಷನ್ ತಗೋಬೇಕು. ಕರೆಂಟ್ ಮಾರೋಕೆ ಲೈಸೆನ್ಸ್ ಬೇಡ್ವಾ ಅಂತ ಯಾರೋ ಕೇಳೇ ಕೇಳ್ತಾರೆ, ಇವಿ ಚಾರ್ಜಿಂಗ್ ಅನ್ನೋದು ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆ ಕೆಳಗೆ ಲೈಸೆನ್ಸ್ ಬೇಡ ಅಂತ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟ ಮಾಡಿದೆ. ಹೊರಗಿನ ಕಂಪನಿಗೆ ಕೊಡೋದಾದ್ರೆ ಯೂನಿಟ್ ರೇಟ್ ಯಾರು ಏರಿಸ್ತಾರೆ, ಎಷ್ಟು ವರ್ಷ ಒಪ್ಪಂದ, ಕೆಟ್ಟು ನಿಂತ್ರೆ ಎಷ್ಟು ದಿನದಲ್ಲಿ ರಿಪೇರಿ, ಈ ಮೂರು ಸಾಲು ಓದಿ ಸೈನ್ ಹಾಕಿ.

ಕಮಿಟಿ ಬಾಯಿ ಬಿಡ್ತಾನೇ ಇಲ್ಲ ಅಂದ್ರೆ

15 ದಿನ ಆದ್ಮೇಲೆ ಒಂದು ನೆನಪೋಲೆ. ಆಮೇಲೆ ಮುಂದಿನ ಜನರಲ್ ಬಾಡಿ ಅಜೆಂಡಾದಲ್ಲಿ ಹಾಕಿ ಅಂತ ಇನ್ನೊಂದು ಪತ್ರ, ನಿಮ್ ಒಬ್ಬ್ರದ್ದಲ್ಲ, ಹತ್ತು ಮನೆಯವ್ರ ಸೈನ್ ಜೊತೆ. ಇವಿ ಇಲ್ಲದ ಮನೆಯವ್ರದ್ದೂ ಇರ್ಲಿ, ನಾಳೆ ಫ್ಲ್ಯಾಟ್ ಮಾರ್ವಾಗ ಚಾರ್ಜಿಂಗ್ ಇದ್ಯಾ ಅಂತ ಕೇಳೋ ಕಾಲ ಬಂದಿದೆ ಅಂತ ಹೇಳಿ, ಇದು ಎಲ್ಲಾರಿಗೂ ಕಿವಿಗೆ ಬೀಳೋ ಮಾತು. ತೊಂದ್ರೆ ಬೆಸ್ಕಾಂ ಕಡೆಯಿಂದ ಇದ್ರೆ, ಅಂದ್ರೆ ಲೋಡ್ ಅರ್ಜಿ ಹಿಡಿದಿಟ್ಟಿದ್ರೆ, 1912ಗೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳ್ಳಿ, ಅಲ್ಲಿ ಆಗದಿದ್ರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದಾದ್ಮೇಲೆ ಕೆಇಆರ್‌ಸಿ ಅಂದ್ರೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಹತ್ರ ಇರೋ ಎಲೆಕ್ಟ್ರಿಸಿಟಿ ಓಂಬುಡ್ಸ್‌ಮನ್. ಬಿಲ್ಡರ್ ಅಗ್ರಿಮೆಂಟಲ್ಲಿ ಇವಿ ಪಾಯಿಂಟ್ ಕೊಡ್ತೀನಿ ಅಂತ ಬರೆದು ಕೊಡದೇ ಇದ್ರೆ ರೇರಾ. ಅಸೋಸಿಯೇಷನ್ ವಿರುದ್ಧ ಕೋರ್ಟು ಅನ್ನೋದು ಕಟ್ಟಕಡೆಯ ದಾರಿ. ಕೇಸ್ ಹಾಕೋ ಮುಂಚೆ ವಕೀಲರಿಗೆ ನಿಮ್ಮ ಡೀಡ್ ಆಫ್ ಡಿಕ್ಲರೇಷನ್ನು (ಅಪಾರ್ಟ್‌ಮೆಂಟನ್ನ ಕಾಯ್ದೆ ಕೆಳಗೆ ತರೋ ನೋಂದಣಿ ಪತ್ರ), ಬೈಲಾ ತೋರಿಸಿ, ಅಸೋಸಿಯೇಷನ್ 1972ರ ಕಾಯ್ದೆ ಕೆಳಗೆ ಇದ್ಯಾ, ಸೊಸೈಟೀಸ್ ಕಾಯ್ದೆ ಕೆಳಗೆ ಇದ್ಯಾ ಅನ್ನೋದ್ರ ಮೇಲೆ ಯಾರ ಹತ್ರ ದೂರು ಕೊಡ್ಬೇಕು ಅನ್ನೋದು ಬದಲಾಗುತ್ತೆ. ಲಿಫ್ಟಲ್ಲಿ ದಿನಾ ಇದೇ ಮುಖಗಳನ್ನ ನೋಡ್ಬೇಕು ಅನ್ನೋದೂ ನೆನಪಿರ್ಲಿ.

ಹಾಕಿಸಿದ ದಿನ

ಕೆಲ್ಸ ಮುಗಿದ್ಮೇಲೆ ಎಲೆಕ್ಟ್ರಿಷಿಯನ್ ಹೋಗೋಕೆ ಮುಂಚೆ ನಾಲ್ಕು ನೋಡಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದ್ರೆ ಟಕ್ ಅಂತ ಬೀಳ್ಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ಮಲ್ಟಿಮೀಟರ್ ಹಿಡಿದ್ರೆ ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ತೋರಿಸ್ಬಾರ್ದು, ಅರ್ತಿಂಗ್ ಸರಿ ಇಲ್ಲಾಂದ್ರೆ ಬಹಳಷ್ಟು ಕಾರು ಚಾರ್ಜೇ ತಗೊಳ್ಳಲ್ಲ, ಕೆಂಪು ಲೈಟ್ ತೋರಿಸಿ ಸುಮ್ನೆ ನಿಲ್ಲುತ್ತೆ, ಜನ ಕಾರ್ ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಓಡ್ತಾರೆ. ಮೀಟರ್ ರೂಂನಲ್ಲಿರೋ ಎಂಸಿಬಿ ಮೇಲೆ, ಕೇಬಲ್‌ನ ಎರಡೂ ತುದೀಲಿ ಫ್ಲ್ಯಾಟ್ ನಂಬರ್ ಟ್ಯಾಗ್ ಇರ್ಬೇಕು. ಸಾಕೆಟ್‌ಗೆ ಬೀಗ ಇರೋ ಡಬ್ಬ, ಇಲ್ಲಾಂದ್ರೆ ಒಂದು ದಿನ ಕಾರ್ ತೊಳೆಯೋ ಹುಡುಗ ವ್ಯಾಕ್ಯೂಮ್ ಚುಚ್ಚಿರ್ತಾನೆ.

ಮೊದಲ್ನೇ ರಾತ್ರಿ ಚಾರ್ಜ್‌ಗೆ ಹಾಕಿ ಒಂದು ಗಂಟೆ ಬಿಟ್ಟು ಕೆಳಗೆ ಇಳಿದು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಸರಿ. ಕೈ ಇಟ್ಕೊಳ್ಳೋಕೆ ಆಗದಷ್ಟು ಬಿಸಿ ಇದ್ರೆ ಎಂಸಿಬಿ ಆಫ್ ಮಾಡಿ ಬೆಳಿಗ್ಗೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಒಳಗೆ ಸ್ಕ್ರೂ ಸಡಿಲ ಇರುತ್ತೆ ಇಲ್ಲಾ ಸಾಕೆಟ್ಟೇ ಡುಪ್ಲಿಕೇಟ್. ನನ್ನದು ಹಾಗೇ ಆಗಿತ್ತು, ಅಂಚು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತ್ತು, ಇಂಡಸ್ಟ್ರಿಯಲ್ ಸಾಕೆಟ್ಟು ಹಾಕಿದ್ಮೇಲೆ ಸರಿಹೋಯ್ತು. ಈಗ್ಲೂ ತಿಂಗ್ಳಿಗೊಮ್ಮೆ ಕಸದ ಬುಟ್ಟಿ ಇಡೋಕೆ ಕೆಳಗೆ ಹೋದಾಗ ಒಂದ್ಸಲ ಮುಟ್ಟಿ ನೋಡ್ಕೊಂಡು ಬರ್ತೀನಿ.